ಕೋಣೆಯನ್ನು ಕೇಳುವ ಚಪ್ಪಾಳೆ

ಖಾಲಿ ಈಜುಕೊಳದ ತಳದಲ್ಲಿ ನಿಂತು ನಾನು ಒಂದು ಚಪ್ಪಾಳೆ ತಟ್ಟಿದೆ.

ಸದ್ದು ಎದುರು ಗೋಡೆಗೆ ಹೋಯಿತು, ಗಾಜಿನ ಚಾವಣಿಗೆ ಏರಿತು, ನೀಲಿ ಟೈಲ್ಸ್ ಮೇಲೆ ಜಾರುತ್ತ ಮತ್ತೆ ನನ್ನ ಬಳಿಗೇ ಬಂತು. ಬಂದದ್ದು ಬೇಗ ಹೋಗಲಿಲ್ಲ. ನಾನು ಕೈ ಇಳಿಸಿದ ಮೇಲೂ ಯಾರೋ ಬೆನ್ನ ಹಿಂದೆ ನಿಂತು ಮೆಲ್ಲಗೆ ಕೈ ತಟ್ಟುತ್ತಲೇ ಇದ್ದಂತಿತ್ತು. ಹಿಂತಿರುಗಿ ನೋಡಿದೆ. ಯಾರೂ ಇಲ್ಲ. ಪೊಲೀಸ್ ಕೆಲಸದಲ್ಲಿ ಕೂದಲು ನರೆಸಿಕೊಂಡು ನಿವೃತ್ತಳಾದವಳು ನಾನು, ಅದೂ ಮಟಮಟ ಮಧ್ಯಾಹ್ನ. ಆದರೂ ಇನ್ನೊಂದು ಸಲ ತಿರುಗಿ ನೋಡಿದ ಮೇಲೆಯೇ ಸಮಾಧಾನವಾದದ್ದು.

"ಇದಲ್ಲ," ಎಂದೆ ಜೋರಾಗಿ. ಅಲ್ಲ, ಅಲ್ಲ ಎಂದು ಕೊಳವೂ ಒಪ್ಪಿಕೊಂಡಿತು.

ಕೊಳದ ಅಂಚಿನಲ್ಲಿ ಕಾಲು ಇಳಿಬಿಟ್ಟು ಕೂತಿದ್ದ ಬಾವ ನನ್ನನ್ನೇ ನೋಡುತ್ತಿದ್ದ. ಬಾವ ಅಂದರೆ ನನಗಲ್ಲ, ನನ್ನನ್ನು ಈ ಕೆಲಸಕ್ಕೆ ಕರೆದ ದರ್ಜಿ ಹುಡುಗಿಗೆ. ಅವಳು ಹಾಗೆ ಕರೆದು ಕರೆದು ನನ್ನ ನಾಲಿಗೆಗೂ ಅದೇ ಅಂಟಿಕೊಂಡಿದೆ. 'ಇದ್ದಿಲು' ಬ್ಯಾಂಡಿನ ಗಿಟಾರ್ ಇವನದು, ಗೊಗ್ಗರು ದನಿಯ ಗರ್ಜನೆ ಇವನದು. ಅದರ ಹಾಡುಗಾರ್ತಿ ಇವನ ಹೆಂಡತಿ. ಎರಡು ವರ್ಷದ ಹಿಂದೆ ಸೇತುವೆಯ ಮೇಲೆ ಚಪ್ಪಲಿ ಬಿಟ್ಟು ಮಾಯವಾದ ಅವಳ ದನಿ, ಹೋದ ವಾರ ಬಂದ ಹೊಸ ಹಾಡಿನಲ್ಲಿದೆ.

ಹಳೆಯ ರೆಕಾರ್ಡಿಂಗ್ ಎಂದು ಗಂಡ ಹೇಳುತ್ತಾನೆ. ಇದೇ ಕೊಳದಲ್ಲಿ ಹಾಡಿ ಬಿಟ್ಟದ್ದು, ಈಗ ಸಿಕ್ಕಿತು ಎನ್ನುತ್ತಾನೆ. ಹಾಡುಗಾರ್ತಿಯ ತಂಗಿ, ಅದೇ ದರ್ಜಿ ಹುಡುಗಿ, ಮಾತ್ರ ನನ್ನ ಮುಂದೆ ಬಂದು ಕೂತು ಒಂದೇ ಪ್ರಶ್ನೆ ಕೇಳಿದ್ದಳು. "ಆ ಹಾಡು ಹಳೇದಾ, ಹೊಸದಾ? ಅಷ್ಟು ಹೇಳಿ ಸಾಕು ಮೇಡಂ."

ಅಕ್ಕ ಬದುಕಿದ್ದಾಳಾ ಎಂದು ಕೇಳಲಿಲ್ಲ. ಎಲ್ಲಿದ್ದಾಳೆ ಎಂದೂ ಕೇಳಲಿಲ್ಲ. ಆಗ ನನಗೆ ಅದು ವಿಚಿತ್ರವೆನಿಸಿತ್ತು. ಆದರೂ ಕೆಲಸ ಒಪ್ಪಿಕೊಂಡಿದ್ದೆ.

"ಮೇಡಂ, ಇನ್ನೊಂದ್ಸಲ ತಟ್ಟಿ," ಎಂದ ಗುಂಡ ಕೊಳದ ಆ ಮೂಲೆಯಿಂದ. "ನಿಮ್ಮದು ಪೊಲೀಸ್ ಚಪ್ಪಾಳೆ. ಯಾರನ್ನೋ ಹಿಡಿಯೋ ಹಾಗಿದೆ. ನಾಜೂಕಾಗಿ ತಟ್ಟಬೇಕು."

ಗುಂಡ ಡ್ರಮ್ ಬಾರಿಸುವವನು. ಹೆಸರಿಗೆ ಗುಂಡ, ಆಳು ಕಡ್ಡಿ. ಹೊಟ್ಟೆಪಾಡಿಗೆ ಡ್ರೈವಿಂಗ್ ಶಾಲೆಯಲ್ಲಿ ಕಾರು ಕಲಿಸುತ್ತಾನೆ. ಈ ಇಡೀ ಪ್ರಕರಣದಲ್ಲಿ ನನ್ನ ಜೊತೆ ನಗುತ್ತ ಮಾತಾಡಿದ ಒಬ್ಬನೇ ಒಬ್ಬ ಮನುಷ್ಯ.

ಚಪ್ಪಾಳೆಯ ಕತೆಯನ್ನು ಬಿಡಿಸಿ ಹೇಳಿದವನೂ ಅವನೇ. ಹಾಡುಗಾರ್ತಿ ಎಲ್ಲಿ ಹಾಡಲಿ, ಬಾಯಿ ತೆರೆಯುವ ಮೊದಲು ಒಂದು ಚಪ್ಪಾಳೆ ತಟ್ಟುತ್ತಿದ್ದಳಂತೆ. ಕೋಣೆ ಹೇಗೆ ಉತ್ತರ ಕೊಡುತ್ತದೆ ಎಂದು ಕೇಳಿಸಿಕೊಂಡು, ಅದಕ್ಕೆ ತಕ್ಕ ಹಾಗೆ ದನಿ ಎತ್ತುತ್ತಿದ್ದಳು. 'ಕೋಣೇನ ಕೇಳೋದು' ಎಂದು ಬ್ಯಾಂಡಿನವರು ಅದಕ್ಕೆ ಹೆಸರಿಟ್ಟಿದ್ದರು. ಇದ್ದಿಲು ಬ್ಯಾಂಡಿನಲ್ಲಿ ಯಂತ್ರದ ಪ್ರತಿಧ್ವನಿ ನಿಷಿದ್ಧ. ಕೋಣೆ ಕೊಟ್ಟದ್ದೇ ಪ್ರಸಾದ. ಹಾಡು ಸಿದ್ಧವಾದ ಮೇಲೆ ಮೊದಲಿನ ಚಪ್ಪಾಳೆಯನ್ನು ಕತ್ತರಿಸಿ ಬಿಸಾಡುತ್ತಿದ್ದರು.

ಹೊಸ ಹಾಡಿನಲ್ಲಿ ಮಾತ್ರ ಬಿಸಾಡಿಲ್ಲ. ಅವಳ ನೆನಪಿಗೆಂದು ಬಾವ ಅದನ್ನು ಹಾಗೆಯೇ ಉಳಿಸಿಕೊಂಡಿದ್ದಾನೆ.

ಫೋನಿನಲ್ಲಿ ಹಾಡು ಹಾಕಿ ಕಿವಿಗೆ ಹಿಡಿದೆ. ಟಪ್ ಎಂದು ಒಂದು ಚಪ್ಪಾಳೆ. ಅದರ ಬಾಲಕ್ಕೆ ಸಣ್ಣದೊಂದು ಝೇಂಕಾರ, ಅಡುಗೆಮನೆಯಲ್ಲಿ ಸ್ಟೀಲ್ ಮುಚ್ಚಳ ಬಿದ್ದು ಗಿರಗಿರ ತಿರುಗಿ ನಿಲ್ಲುವಾಗ ಬರುತ್ತದಲ್ಲ, ಅಂಥದ್ದು. ಕ್ಷಣದಲ್ಲಿ ಮುಗಿಯಿತು. ಆಮೇಲೆ ಒಂದು ಉಸಿರು, ಆಮೇಲೆ ಅವಳ ಹಾಡು.

ಈ ಕೊಳ ಹಾಗೆ ಹಾಡುವುದಿಲ್ಲ. ಕೊಳದ ಸದ್ದು ಉದ್ದ, ಒದ್ದೆ, ದೊಡ್ಡದು. ಫೋನಿನಲ್ಲಿರುವ ಸದ್ದು ಗಿಡ್ಡ, ಒಣಕಲು. ಎಲ್ಲೋ ಒಂದು ಸಣ್ಣ ಜಾಗ, ಸುತ್ತ ಲೋಹ.

*

ಮೂರು ಆಲ್ಬಂಗಳನ್ನು ಸಾಲಾಗಿ ಕೂತು ಕೇಳಿದ್ದೇನೆ ನಾನು. ಗದ್ದಲ ಕಂಡರೆ ಆಗದವಳು ನಾನು, ಮಿಕ್ಸಿ ಹಾಕಿದರೂ ರೇಗುತ್ತೇನೆ. ನನ್ನ ಯಜಮಾನರಂತೂ ಕಿವಿಗೆ ಹತ್ತಿ ತುರುಕಿಕೊಂಡು ಪಕ್ಕದ ಮನೆಗೆ ಹೋಗಿ ಕೂತರು.

ಮೊದಲನೆಯದು 'ಮಸಿ'. ಕಾರಿನ ಶೆಡ್ಡಿನಲ್ಲಿ ಮಾಡಿದ್ದು. ಅದರಲ್ಲಿ ಅವಳಿಲ್ಲ. ಬರೀ ಬಾವನ ಗೊಗ್ಗರು, ಗಿಟಾರಿನ ಗರಗಸ, ಗುಂಡನ ಡ್ರಮ್ ಮೆಟ್ಟಿಲಿಂದ ಉರುಳುವ ಪಾತ್ರೆಗಳ ಹಾಗೆ. ಎರಡನೆಯದು 'ಕೆಂಡ'. ಅಲ್ಲಿ ಅವಳು ಬರುತ್ತಾಳೆ. ಅವನು ಗುರುಗುಡುತ್ತಾನೆ, ಅವಳು ಮೇಲಿನಿಂದ ಉತ್ತರ ಕೊಡುತ್ತಾಳೆ. ಗಂಡಹೆಂಡಿರ ಜಗಳದ ಹಾಗಿದೆ, ಒಳ್ಳೆಯ ಜಗಳ. ಕೇಳುತ್ತ ಕೇಳುತ್ತ ನನಗೂ ಕೂದಲು ನಿಮಿರಿತು ಎಂದು ಒಪ್ಪಿಕೊಳ್ಳುತ್ತೇನೆ.

ಮೂರನೆಯದು 'ಬೂದಿ'. ಈ ಕೊಳದಲ್ಲಿ ಮಾಡಿದ್ದು. ಅದರಲ್ಲಿ ಎಲ್ಲವೂ ನಿಧಾನ. ಗಿಟಾರ್ ದೂರದ ಗುಡುಗಿನಷ್ಟಾಗಿದೆ. ಡ್ರಮ್ ಯಾವಾಗಲೋ ಒಂದು ಪೆಟ್ಟು. ಬಾವನ ದನಿ ಇಡೀ ಆಲ್ಬಮಿನಲ್ಲಿ ಎರಡು ಕಡೆ ಕೇಳುತ್ತದೆ, ಅದೂ ಬಾಗಿಲಾಚೆ ನಿಂತವನ ಹಾಗೆ. ಉಳಿದದ್ದೆಲ್ಲ ಅವಳೇ. ಊರೂರಿನ ಜನ ಅವಳಿಗಾಗಿ ಮುಗಿಬಿದ್ದದ್ದು ಆ ಆಲ್ಬಮಿಗೆ. ಅದು ಬಂದ ತಿಂಗಳಲ್ಲೇ ಅವಳು ಕಾಣೆಯಾದಳು.

ನಾಲ್ಕನೆಯದಕ್ಕೆ 'ಕಿಡಿ' ಎಂದು ಹೆಸರಿಟ್ಟಿದ್ದಾರೆ. ಮೊದಲ ಹಾಡು ಹೊರಬಂದಾಗಿದೆ, ಉಳಿದದ್ದು ಈ ಶುಕ್ರವಾರ.

*

"ಬೇರೆ ಎಲ್ಲಾದ್ರೂ ಹಾಡಿದ್ದಳಾ?" ಎಂದೆ ಏಣಿ ಹತ್ತುತ್ತ. ನನ್ನ ಮಂಡಿ ನನ್ನ ಜೊತೆ ಜಗಳಕ್ಕೆ ನಿಂತಿತ್ತು.

"ಇಲ್ಲ," ಎಂದ ಬಾವ. ಕೊಳದ ಮಗ್ಗುಲಿಗೆ ಕಣ್ಣು ಹಾಯಿಸಿ, "ಪಂಪ್ ರೂಮ್ ಇದೆ. ಅಲ್ಲಿ ಕಬ್ಬಿಣದ ಪೈಪು ತುಂಬಾ ಇವೆ. ಅಲ್ಲಿ ಹಾಡಿರಬಹುದು," ಎಂದ.

"ಇರಬಹುದು ಅಂದ್ರೆ? ರೆಕಾರ್ಡ್ ಮಾಡಿದವರು ಯಾರು, ನಾನಾ?"

ಅವನು ಎದ್ದು ದಾರಿ ತೋರಿಸಿದ. ಕೊಳದ ಮಗ್ಗುಲಲ್ಲಿ ನಾಲ್ಕು ಮೆಟ್ಟಿಲು ಕೆಳಗೆ, ತಗ್ಗು ಬಾಗಿಲಿನ ಒಂದು ಗವಿ. ಒಳಗೆ ಪಾಚಿಯ ವಾಸನೆ, ತುಕ್ಕಿನ ವಾಸನೆ. ಚಪ್ಪಾಳೆ ತಟ್ಟಿದೆ. ಸದ್ದು ಕಂಬಳಿಗೆ ಗುದ್ದಿದ ಹಾಗೆ ಅಲ್ಲೇ ಸತ್ತಿತು. ಇದೂ ಅಲ್ಲ.

ಹೊರಗೆ ಬರುವಾಗ ಕಣ್ಣಿಗೆ ಬಿದ್ದದ್ದು ಬೇರೆ. ಬಾಗಿಲಿಗೆ ಹೊರಗಡೆಯಿಂದ ಒಂದು ಚಿಲಕ. ಬಾಗಿಲೆಲ್ಲ ತುಕ್ಕು, ಚಿಲಕ ಮಾತ್ರ ಹೊಸದು.

"ಪೈಪುಗಳು ಓಡಿಹೋಗ್ತವೆ ಅಂತ ಹಾಕಿಸಿದ್ರಾ ಇದನ್ನ?"

ಬಾವ ಬಗ್ಗಿ ನೋಡಿದ. "ನಾನು ಹಾಕಿಸಿಲ್ಲ."

"ಕೀಲಿ ಯಾರ ಹತ್ರ ಇರುತ್ತೆ ಈ ಕಟ್ಟಡದ್ದು?"

"ನಮ್ಮೆಲ್ಲರ ಹತ್ರ."

"ಮೂರನೇ ಆಲ್ಬಮಿನಲ್ಲಿ ನಿಮ್ಮ ದನಿ ಯಾಕಿಲ್ಲ?"

ಅವನ ಮುಖಕ್ಕೆ ಹೊಡೆದ ಹಾಗಾಯಿತು. ನಾನು ಬೇಕೆಂದೇ ಹೊಡೆದದ್ದು.

"ಅವಳು ಬೇಡ ಅಂದ್ಲು," ಎಂದ. ಗರ್ಜಿಸಿ ಗರ್ಜಿಸಿ ಹರಿದುಹೋದ ಗಂಟಲು ಅದು. ಮಾತಾಡಿದರೆ ಯಾರೋ ಜಲ್ಲಿ ಸುರಿದ ಹಾಗೆ. "ನೀನು ಕೂಗಿದ್ರೆ ನನಗೆ ಕೋಣೆ ಕೇಳ್ಸಲ್ಲ ಅಂದ್ಲು. ನಾನು ಕಟ್ಟಿದ ಬ್ಯಾಂಡ್ ಮೇಡಂ ಇದು. ಮೈಕ್ ಎತ್ತಿ ಗೋಡೆಗೆ ಹೊಡೆದೆ. ಅವಳ ಕಿವಿ ಪಕ್ಕದಲ್ಲೇ ಹೋಯ್ತು. ಮಾರನೇ ದಿನ ಕಾಲು ಹಿಡ್ಕೊಂಡೆ. ಅವಳು ಏನೂ ಅನ್ನಲಿಲ್ಲ. ಆಮೇಲೆ ನನ್ನ ಜೊತೆ ಮಾತೂ ಆಡಲಿಲ್ಲ."

"ಅದಕ್ಕೇ ಈ ಗವಿಗೆ ತಳ್ಳಿ ಚಿಲಕ ಹಾಕಿದ್ರಿ."

"ಇಲ್ಲ!"

ಆ ಒಂದು ಪದದಲ್ಲಿ 'ಮಸಿ'ಯ ಗೊಗ್ಗರು ಪೂರ್ತಿ ಇತ್ತು. ಕೊಳ ಅದನ್ನು ಎತ್ತಿಕೊಂಡು ಬಹಳ ಹೊತ್ತು ಆಡಿಸಿತು. ಗುಂಡ ಸಿಂಬಲ್‌ಗಳನ್ನು ಚೀಲಕ್ಕೆ ತುಂಬುವುದನ್ನು ನಿಲ್ಲಿಸಿ ಇತ್ತ ನೋಡಿದ.

ನಾನು ಜಾಗ ಬಿಟ್ಟು ಕದಲಲಿಲ್ಲ. "ಹಾಗಾದ್ರೆ ಈ ಹಾಡು ಎಲ್ಲಿಂದ ಬಂತು ಹೇಳಿ. ಸುಳ್ಳು ಹೇಳಿದ್ರೆ ನನಗೆ ತಕ್ಷಣ ಗೊತ್ತಾಗುತ್ತೆ, ಅದೊಂದೇ ವಿದ್ಯೆ ಕಲಿತಿರೋದು ನಾನು."

ಬಾವ ಪಂಪ್ ರೂಮಿನ ಮೆಟ್ಟಿಲ ಮೇಲೆ ಕುಸಿದು ಕೂತ. ಹೇಳಿದ ಕತೆ ಇಷ್ಟು. ಹಳೆಯ ರೆಕಾರ್ಡಿಂಗ್ ಕಾರ್ಡ್‌ಗಳನ್ನೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿ ಹಾಕಿಟ್ಟಿದ್ದಾರೆ. ಡಬ್ಬಿ ಬಟ್ಟೆ ಬದಲಿಸುವ ಕೋಣೆಯಲ್ಲಿದೆ, ಅದೇ ಈಗಿನ ಸ್ಟುಡಿಯೋ. ಅದರಲ್ಲಿರುವುದೆಲ್ಲ ಅವನಿಗೆ ಬಾಯಿಪಾಠ. ಮಳೆಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ತೆರೆದರೆ ಹೊಸದೊಂದು ಕಾರ್ಡ್ ಇತ್ತು. ಹಾಕಿ ಕೇಳಿದರೆ ಅವಳು. ಕೆಲವು ದಿನ ಬಿಟ್ಟು ಇನ್ನೊಂದು. ಹಾಗೇ ಒಂದೊಂದೇ ಬರುತ್ತ ಹೋಯಿತು.

"ಯಾರು ಇಡ್ತಾರೆ ಅಂತ ನೋಡಲಿಲ್ವಾ?"

"ನೋಡಲಿಲ್ಲ," ಎಂದ. "ನೋಡಿದ್ರೆ ನಿಂತುಹೋಗುತ್ತೆ ಅಂತ ಭಯ. ಅವಳೇ ಬಂದು ಇಟ್ಟು ಹೋಗ್ತಿದ್ದಾಳೆ ಅಂದ್ಕೊಂಡೆ. ನಗಬೇಡಿ."

ನಾನು ನಗುತ್ತಿರಲಿಲ್ಲ.

"ಹಳೇದೇ ಆಗಿರ್ಲಿ ಅಂತ ಬೇಡ್ಕೊಂಡೆ ಮೇಡಂ. ಹಾಡು ಹೊಸದಾದ್ರೆ, ಅವಳು ಬದುಕಿದ್ದಾಳೆ, ಬದುಕಿದ್ದೂ ನನ್ನ ಹತ್ರ ಬರಲಿಲ್ಲ ಅಂತ ಅರ್ಥ ಅಲ್ವಾ?" ಅವನ ಕಣ್ಣು ತುಂಬಿತ್ತು. "ಕೊನೇ ಹಾಡು ಒಂದು ಬಾಕಿ ಇದೆ. ಡಬ್ಬಿಗೆ ಬಂದ್ರೆ ಬಂತು."

"ಬರದಿದ್ರೆ? ಬೇರೆ ಯಾರನ್ನಾದ್ರೂ ಕರೆಸಿ ಹಾಡಿಸ್ತೀರಾ?"

"ಅವಳ ಜಾಗಕ್ಕಾ?" ತಲೆ ಅಲ್ಲಾಡಿಸಿದ. "ನನಗೆ ಇನ್ನೂ ಅಷ್ಟು ಹುಚ್ಚು ಹಿಡಿದಿಲ್ಲ. ವೇದಿಕೇಲಿ ಅವಳ ಜಾಗ ಖಾಲಿ ಇರುತ್ತೆ. ಇನ್ಯಾರೂ ಬರಲ್ಲ."

ಸುಳ್ಳನೋ, ದುಃಖಿಯೋ, ಎರಡೂ ಹೌದೋ, ನನಗೆ ಬಗೆಹರಿಯಲಿಲ್ಲ. ಕಣ್ಣೀರು ಹಾಕಿದ ಕೊಲೆಗಾರರನ್ನು ನಾನು ಬೇಕಾದಷ್ಟು ನೋಡಿದ್ದೇನೆ. ಕಣ್ಣೀರು ಕೂಡ ನಿಜವಾದದ್ದೇ ಆಗಿರುತ್ತಿತ್ತು.

*

"ನಾನೂ ಆ ಕಡೆನೇ ಹೊರಟಿದ್ದೀನಿ, ಬನ್ನಿ," ಎಂದು ಗುಂಡ ತನ್ನ ಡ್ರೈವಿಂಗ್ ಶಾಲೆಯ ಕಾರಿನ ಬಾಗಿಲು ತೆಗೆದ. ಎರಡೂ ಕಡೆ ಬ್ರೇಕ್ ಇರುವ ಕಾರು. ನಾನು ಕೂತ ಕಡೆಯೂ ಒಂದು ಬ್ರೇಕ್. "ಹೆದರಿಕೆ ಆದ್ರೆ ಒತ್ತಿ. ಎಲ್ಲರೂ ಒತ್ತುತ್ತಾರೆ."

ಕಾರು ಓಡಿಸುತ್ತ ಅವನ ಬೆರಳು ಸ್ಟಿಯರಿಂಗ್ ಮೇಲೆ ಕುಣಿಯುತ್ತಲೇ ಇತ್ತು. ಕೆಂಪು ದೀಪದಲ್ಲಿ ನಿಂತಾಗಲೂ ನಿಲ್ಲಲಿಲ್ಲ.

"ಅವನು ಹೇಳಿದ್ದು ನಂಬಿದ್ರಾ?" ಎಂದ.

"ನಂಬೋದು ನನ್ನ ಕೆಲಸ ಅಲ್ಲ. ಆ ಚಪ್ಪಾಳೆ ಎಲ್ಲಿಯದು ಅಂತ ಹುಡುಕೋದು ನನ್ನ ಕೆಲಸ."

"ಕೊಳದ್ದಲ್ಲ ಅನ್ನೋದು ಖಾತ್ರೀನಾ?"

"ನಿಮಗೆ ಕೇಳಿಸ್ಲಿಲ್ವಾ? ಡ್ರಮ್ ಬಾರಿಸೋರು ನೀವು."

ಅವನು ನಕ್ಕ. "ಮೂರನೇ ಆಲ್ಬಮಿಂದ ಈಚೆಗೆ ನನಗೆ ಕೆಲಸ ಎಲ್ಲಿತ್ತು? ಒಂದು ಪೆಟ್ಟು ಹೊಡೆದು ಹೋಗಿ ಚಹಾ ಕುಡಿದು ಬಂದ್ರೂ ಮುಂದಿನ ಪೆಟ್ಟಿಗೆ ಟೈಮ್ ಇರ್ತಿತ್ತು. ಕೂತ್ಕೊಂಡು ಅವಳ ಉಸಿರು ಕೇಳ್ತಿದ್ದೆ, ಅಷ್ಟೇ. ಅವಳು ಉಸಿರೆಳೆದ್ರೆ ನಾನು ಕೋಲು ಎತ್ತಬೇಕು. ಕತ್ತಲಲ್ಲಿ ನೂರು ಜನ ಉಸಿರಾಡ್ಲಿ ಮೇಡಂ, ಅವಳದು ಯಾವುದು ಅಂತ ನಾನು ಹೇಳ್ತೀನಿ."

ಪಾಪ ಎನಿಸಿತು ನನಗೆ. ಲೋಹದ ಸಣ್ಣ ಕೋಣೆ, ಗಿಡ್ಡ ಝೇಂಕಾರ ಎಂದು ನನ್ನ ಲೆಕ್ಕಾಚಾರವನ್ನೆಲ್ಲ ಅವನ ಮುಂದೆ ಹರಡಿದೆ. ಅವನು ಗಮನವಿಟ್ಟು ಕೇಳಿದ. ಬೆರಳು ಮಾತ್ರ ಕುಣಿಯುತ್ತಿತ್ತು.

ದರ್ಜಿ ಅಂಗಡಿಯ ಮುಂದೆ ನಿಲ್ಲಿಸಿ, "ನೀವು ಮಾತಾಡಿ ಬನ್ನಿ, ಕಾಯ್ತೀನಿ," ಎಂದ.

*

ಅಂಗಡಿಯಲ್ಲಿ ಗಿರಾಕಿಗಳಿರಲಿಲ್ಲ. ತಂಗಿ ಬಾಯಲ್ಲಿ ಗುಂಡುಸೂಜಿ ಕಚ್ಚಿಕೊಂಡು ಒಂದು ಕೋಟಿನ ತೋಳು ಬಿಚ್ಚುತ್ತಿದ್ದಳು. ಬ್ಯಾಂಡಿನ ಕರಿಬಟ್ಟೆಗಳನ್ನೆಲ್ಲ ಮೊದಲಿನಿಂದ ಹೊಲಿದುಕೊಟ್ಟವಳು ಇವಳೇ. ನನ್ನನ್ನು ನೋಡಿದ ತಕ್ಷಣ ಸೂಜಿಗಳನ್ನು ಒಂದೊಂದಾಗಿ ತೆಗೆದು ಮೇಜಿಗೆ ಚುಚ್ಚಿದಳು.

"ಹಳೇದಾ, ಹೊಸದಾ?"

"ಕೊಳದಲ್ಲಿ ಹಾಡಿದ್ದಲ್ಲ. ಅವರು ಯಾವತ್ತೂ ರೆಕಾರ್ಡ್ ಮಾಡಿದ ಜಾಗದ್ದಲ್ಲ. ಹೊಸದು ಅಂತ ಕಾಣುತ್ತೆ. ಸಣ್ಣ ಕೋಣೆ, ಸುತ್ತ ಲೋಹದ ಗೋಡೆ. ಟಪ್ ಅಂದ್ರೆ ಝೀಂ ಅನ್ನಬೇಕು."

ಅವಳ ಮುಖದಲ್ಲಿ ರಕ್ತವೇ ಇಲ್ಲವಾಯಿತು. ಅಕ್ಕ ಬದುಕಿದ್ದಾಳೆ ಎಂಬ ಸುದ್ದಿಗೆ ಯಾರೂ ಹಾಗೆ ಬಿಳಿಚಿಕೊಳ್ಳುವುದಿಲ್ಲ.

ನಾನು ಸುತ್ತ ನೋಡಿದೆ. ಈ ಅಂಗಡಿಗೆ ಎರಡು ಸಲ ಬಂದಿದ್ದೆ, ಕಣ್ಣು ತೆರೆದು ಬಂದಿರಲಿಲ್ಲ. ನೆಲದಲ್ಲಿ ಹಳೆಯ ಟೈಲ್ಸ್, ಅದರ ಮೇಲೆ ಮಾಸಿದ ಐಸ್‌ಕ್ರೀಮ್ ಕೋನಿನ ಚಿತ್ರ. ಹಿಂದಿನ ಗೋಡೆಗೆ ನೇತುಹಾಕಿದ್ದ ಬಟ್ಟೆಗಳ ಸಾಲು. ಆ ಸಾಲಿನ ಹಿಂದೆ ದಪ್ಪನೆಯ ಬಾಗಿಲಿನ ಒಂದು ಅಂಚು.

"ಇದು ಮೊದಲು ಐಸ್‌ಕ್ರೀಮ್ ಅಂಗಡಿ ಆಗಿತ್ತಾ?"

ನಾನು ಹೋಗಿ ಬಟ್ಟೆಗಳನ್ನು ಸರಿಸಿದೆ. ಐಸ್‌ಕ್ರೀಮ್ ಇಡುವ ತಣ್ಣನೆಯ ಕೋಣೆಯ ಉಕ್ಕಿನ ಬಾಗಿಲು. ಪೂರ್ತಿ ಮುಚ್ಚದಂತೆ ಸಂದಿಗೆ ಒಂದು ಬಟ್ಟೆಯ ಸುರುಳಿ ಇಟ್ಟಿದ್ದರು.

"ಮೇಡಂ, ದಮ್ಮಯ್ಯ," ಎಂದಳು ತಂಗಿ. "ಬಾವನಿಗೆ ಹೇಳಬೇಡಿ."

ಬಾಗಿಲು ಎಳೆದೆ.

ಒಳಗೆ ಒಂದು ಮಂಚ, ಒಂದು ದೀಪ, ನಾಲ್ಕು ಕಡೆಯೂ ಹೊಳೆಯುವ ಉಕ್ಕಿನ ತಗಡು. ಮೂಲೆಯ ಬೊಂಬೆಗೆ ಎತ್ತರದ ಕಾಲರಿನ ಕಪ್ಪು ಗೌನ್ ತೊಡಿಸಿದ್ದರು. ಬೊಂಬೆಯ ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಳು. ಪೋಸ್ಟರುಗಳಲ್ಲಿ ನೋಡಿದ ಮುಖ. ಕಾಡಿಗೆ ಇಲ್ಲದೆ, ಕಪ್ಪು ಲಿಪ್‌ಸ್ಟಿಕ್ ಇಲ್ಲದೆ, ಯಾರದೋ ಮನೆಯ ಅಕ್ಕನಷ್ಟೇ ಆಗಿತ್ತು.

ನಾನೇ ಮೊದಲು ಕೂತೆ, ಮಂಚದ ಮೇಲೆ. ಮಂಡಿಗೂ ಒಂದು ಮಿತಿಯಿದೆ.

"ಅಂದ್ರೆ ನಿನಗೆ ಅಕ್ಕ ಎಲ್ಲಿ ಅಂತ ಗೊತ್ತಿತ್ತು," ಎಂದೆ ತಂಗಿಗೆ. "ಬೇರೆಯವರಿಗೂ ಗೊತ್ತಾಗಿಬಿಟ್ಟಿದೆಯಾ ಅಂತ ತಿಳ್ಕೊಳ್ಳೋಕೆ ನನ್ನನ್ನ ಓಡಾಡಿಸಿದೆ."

"ಹೂಂ," ಎಂದಳು. ಅಳುತ್ತಿದ್ದಳು. "ಹಾಡು ಹಳೇದಾಗಿದ್ರೆ ನಾವು ಬಚಾವ್. ಹೊಸದಾಗಿದ್ರೆ ಬಾವನಿಗೆ ಜಾಗ ಸಿಕ್ಕಿದೆ ಅಂತ. ಅಕ್ಕನನ್ನೇ ಕೇಳಬಹುದಿತ್ತು. ಕೇಳಿದ್ರೆ ಇಲ್ಲೂ ಹಾಡೋದು ನಿಲ್ಲಿಸ್ತಾಳೆ ಅಂತ ಭಯ ಆಯ್ತು. ಹಾಡು ನಿಂತ್ರೆ ಇವಳು ಉಳಿಯಲ್ಲ ಮೇಡಂ. ಹೊರಗೆ ಸದ್ದು ಹೋಗದ ಜಾಗ ಅಂತಲೇ ಈ ಅಂಗಡಿ ಹಿಡಿದೆ ನಾನು."

"ಯಾವ ಹಾಡು?" ಎಂದಳು ಅಕ್ಕ. ಮೃದುವಾದ ದನಿ. ತಂಗಿ ಅವಳ ಕಡೆ ನೋಡಲಾರದೆ ನೆಲ ನೋಡಿದಳು.

ಫೋನ್ ತೆಗೆದು ಹಾಕಿದೆ. ಟಪ್. ಝೀಂ. ಉಸಿರು.

ಅಕ್ಕ ಗೋಡೆಗೆ ಒರಗಿದಳು. "ಕೊಳದಲ್ಲಿ ಎಷ್ಟೋ ಸಲ ಹಾಡಿದ ಹಾಡು ಇದು. ಆದ್ರೆ ಈ ಚಪ್ಪಾಳೆ..."

"ಬಾಗಿಲು ಮುಚ್ಚು," ಎಂದೆ ತಂಗಿಗೆ. "ಆ ಸುರುಳಿ ತೆಗೆದು ಪೂರ್ತಿ ಮುಚ್ಚು. ಒಳಗಿಂದ ತೆರೆಯೋಕೆ ಬರುತ್ತೆ ತಾನೇ?"

"ಬರುತ್ತೆ. ಈ ಸರಳು ಒತ್ತಿದ್ರೆ ಆಯ್ತು."

ಬಾಗಿಲು ಕೂತುಕೊಂಡ ಕೂಡಲೇ ಹೊರಗಿನ ಬೀದಿ ಇಲ್ಲವಾಯಿತು. ನನ್ನ ಉಸಿರು ನನಗೇ ಕೇಳತೊಡಗಿತು. ಅಕ್ಕ ಎರಡು ಕೈ ಎತ್ತಿ, ಅಂಗೈ ಸ್ವಲ್ಪ ಬಟ್ಟಲು ಮಾಡಿಕೊಂಡು, ಒಂದೇ ಒಂದು ಚಪ್ಪಾಳೆ ತಟ್ಟಿದಳು.

ಟಪ್. ಝೀಂ.

ಅದೇ. ಕೂದಲೆಳೆಯಷ್ಟೂ ಅನುಮಾನವಿಲ್ಲ.

"ಇಲ್ಲಿ ನೀನು ಹಾಡುವಾಗ ಯಾರಿರ್ತಾರೆ?"

"ಯಾರೂ ಇಲ್ಲ. ನಾನು, ಇದು," ಎಂದು ಅಕ್ಕ ಗೌನಿನ ಕಡೆ ಕೈ ಮಾಡಿದಳು. "ನನ್ನದೇ ಗೌನ್. ಇದರ ಮುಂದೆ ನಿಂತ್ರೆ ಹಾಡೋಕೆ ಧೈರ್ಯ ಬರುತ್ತೆ."

"ಇದು ಇಲ್ಲಿಗೆ ಹೇಗೆ ಬಂತು?"

"ರಿಪೇರಿಗೆ," ಎಂದಳು ತಂಗಿ. "ಬ್ಯಾಂಡಿಗೆ ಹೊಸ ಹಾಡುಗಾರ್ತಿ ಬರ್ತಿದ್ದಾಳಂತೆ. ಅವಳ ಅಳತೆಗೆ ಸರಿ ಮಾಡಬೇಕು. ವಾರ ವಾರ ಒಯ್ದು ಮತ್ತೆ ತರ್ತಾರೆ. ಒಂದು ಸಲ ಸೊಂಟ ಹಿಡಿ, ಇನ್ನೊಂದು ಸಲ ಬಿಡು. ಆ ಹುಡುಗಿ ಏನು ತಿಂದು ಹೀಗೆ ಊದಿ ಇಳೀತಾಳೋ ಅಂತ ನಾವಿಬ್ರೂ ನಗ್ತಿದ್ವಿ. ಗಿರಾಕಿಗಳು ಇದನ್ನ ನೋಡಿ ಹೆದರ್ತಾರೆ ಅಂತ ಒಳಗೆ ಇಟ್ಟೆ."

ಇನ್ಯಾರೂ ಬರಲ್ಲ ಎಂದಿದ್ದ ಬಾವ, ಅಳುತ್ತ. ಅವನ ಕಣ್ಣೀರನ್ನು ಈಗ ಮೊದಲ ಸಲ ನಂಬಿದೆ. ಹಾಗಾದರೆ ಈ ಗೌನು ಯಾರ ಅಳತೆಗೆ?

ಎದ್ದು ಗೌನಿನ ಮೇಲೆ ಕೈಯಾಡಿಸಿದೆ. ಸೊಂಟ, ತೋಳು, ಅಂಚು. ಎತ್ತರದ ಕಾಲರ್ ಮಾತ್ರ ಕೈಗೆ ಬಿರುಸಾಗಿ ಸಿಕ್ಕಿತು.

"ಅದನ್ನ ಮುಟ್ಟಬೇಡ ಅಂದಿದ್ದಾರೆ," ಎಂದಳು ತಂಗಿ. "ಕಾಲರ್ ಹಾಗೇ ಇರ್ಲಿ, ಅಕ್ಕನ ನೆನಪಿಗೆ ಅಂತ." ಹೇಳುತ್ತಲೇ ಬಗ್ಗಿ ನೋಡಿದಳು. ಬೆರಳಿನಿಂದ ಕಾಲರಿನ ಹಿಂಬದಿಯ ಹೊಲಿಗೆ ಸವರಿದಳು. "ಮೇಡಂ, ಈ ಹೊಲಿಗೆ ನನ್ನದಲ್ಲ. ಇಷ್ಟು ಗಲೀಜಾಗಿ ನಾನು ಕಲಿಯುವಾಗಲೂ ಹೊಲಿದಿಲ್ಲ."

ಕತ್ತರಿ ಅವಳ ಕೊರಳಲ್ಲೇ ನೇತಾಡುತ್ತಿತ್ತು. ಹೊಲಿಗೆ ಬಿಚ್ಚಿದಳು. ಒಳಗಿನಿಂದ ಹೆಬ್ಬೆರಳಿನಷ್ಟು ಕಪ್ಪು ಪೆಟ್ಟಿಗೆಯೊಂದು ನನ್ನ ಅಂಗೈಗೆ ಜಾರಿತು. ದನಿ ಕೇಳಿದರೆ ತಾನಾಗಿ ಎಚ್ಚರವಾಗುವ ರೆಕಾರ್ಡರ್. ಅದರ ತುದಿಯಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ದೀಪ ಉರಿಯುತ್ತಿತ್ತು.

"ಬಾವ," ಎಂದಳು ತಂಗಿ, ಹಲ್ಲು ಕಚ್ಚಿ.

"ಬಾವನೇ ತಂದುಕೊಟ್ನಾ ಗೌನು?"

"ಬಾವನನ್ನ ಈ ಮೆಟ್ಟಿಲು ಹತ್ತಿಸ್ತೀನಾ ನಾನು? ತರೋದು ಒಯ್ಯೋದು ಎಲ್ಲಾ ಗುಂಡಣ್ಣ. ಇವತ್ತೂ ಬರ್ತೀನಿ ಅಂದಿದ್ದ. ಇದೇ ಕೊನೇ ಸಲ, ಇನ್ನು ತೊಂದ್ರೆ ಕೊಡಲ್ಲ ಅಂದ."

ಕತ್ತಲಲ್ಲೂ ಅವಳ ಉಸಿರು ಗುರುತಿಸುವ ಗುಂಡ ಈ ಅಂಗಡಿಗೆ ಬಂದಾಗಲೇ ಅವಳನ್ನು ಪತ್ತೆಹಚ್ಚಿರಬೇಕು, ಡಬ್ಬಿಗೆ ಕಾರ್ಡ್ ಹಾಕುತ್ತಿದ್ದವನೂ ಅವನೇ. ಕೊನೆಯ ಹಾಡು ಒಂದು ಬಾಕಿ ಇದೆ. ಅದು ಸಿಕ್ಕಿದ ಮೇಲೆ ಹಾಡುಗಾರ್ತಿ ಯಾರಿಗೂ ಬೇಕಿಲ್ಲ. ಸತ್ತವಳೆಂದು ಜಗತ್ತಿಗೆ ಹೇಳಿಯಾಗಿದೆ.

"ನಿನ್ನನ್ನ ಪಂಪ್ ರೂಮಿನಲ್ಲಿ ಕೂಡಿಹಾಕಿದ್ರು ಅಲ್ವಾ?" ಎಂದೆ ಅಕ್ಕನಿಗೆ. ನನ್ನ ದನಿ ನನಗೇ ಹೊಸದಾಗಿ ಕೇಳಿತು. "ಅದಕ್ಕೇ ನೀನು ಸೇತುವೆ ಮೇಲೆ ಚಪ್ಪಲಿ ಬಿಟ್ಟು ಇಲ್ಲಿಗೆ ಓಡಿಬಂದೆ. ಕೂಡಿಹಾಕಿದವನ ಮುಖ ನೋಡಿದ್ದೀಯಾ?"

"ಇಲ್ಲ. ಕತ್ತಲಿತ್ತು, ಹಿಂದಿನಿಂದ ತಳ್ಳಿದ್ರು. ಬೆಳಗಿನ ಜಾವ ನೋಡಿದ್ರೆ ಚಿಲಕ ತೆಗೆದಿತ್ತು, ಓಡಿದೆ. ಗಂಡನೇ ಅಂದ್ಕೊಂಡೆ. ಆ ಆಲ್ಬಂ ಮಾಡೋವಾಗ ತಾನೇ ಮೈಕ್ ಎಸೆದಿದ್ದ." ಅವಳು ಕಣ್ಣು ಮುಚ್ಚಿದಳು. "ಹೊರಗೆ ಯಾರೋ ನಿಂತಿದ್ರು. ಮಾತಿಲ್ಲ. ನಾನು ಅತ್ತಾಗ ಸುಮ್ಮನಿದ್ರು. ಹೆದರಿಕೆಗೆ ಹಾಡಿದೆ. ಹಾಡಿದಷ್ಟು ಹೊತ್ತೂ ಬಾಗಿಲಿನ ಮೇಲೆ ಬೆರಳಲ್ಲಿ..."

ಅವಳು ಮಾತು ನಿಲ್ಲಿಸಿದಳು.

ಉಕ್ಕಿನ ಬಾಗಿಲಿನ ಮೇಲೆ, ಹೊರಗಡೆಯಿಂದ, ಒಂದು ಬೆರಳು ಬಡಿಯಿತು.

ಸ್ವಲ್ಪ ಬಿಟ್ಟು ಇನ್ನೊಂದು. ನಿಧಾನ, ಬಹಳ ನಿಧಾನ. 'ಬೂದಿ'ಯ ತಾಳ.

ನಾನು ಹೋಗಿ ಸರಳನ್ನು ಒತ್ತಿದೆ. ಮೈಭಾರವನ್ನೆಲ್ಲ ಹಾಕಿ ಒತ್ತಿದೆ. ತಂಗಿಯೂ ಬಂದು ಒತ್ತಿದಳು. ಬಾಗಿಲು ಅಲುಗಲಿಲ್ಲ. ಈ ಬಾಗಿಲಿಗೂ ಹೊರಗಡೆ ಒಂದು ಚಿಲಕವಿತ್ತೇ ಎಂದು ನಾನು ನೋಡಿರಲಿಲ್ಲ. ಫೋನ್ ತೆಗೆದು ನೋಡಿದೆ. ಈ ತಗಡಿನೊಳಗೆ ಸಿಗ್ನಲ್ಲಿಗೂ ಜಾಗವಿರಲಿಲ್ಲ.

ಬೆರಳು ಮತ್ತೆ ಬಡಿಯಿತು. ಮತ್ತೆ. ಆಮೇಲೆ ನಿಂತಿತು.

ಅದು ನಿಂತ ಜಾಗ ನನಗೂ ಗೊತ್ತಿತ್ತು, ಆ ಆಲ್ಬಂ ಅಷ್ಟು ಸಲ ಕೇಳಿದ್ದೆನಲ್ಲ. ಡ್ರಮ್ ಅಲ್ಲಿ ನಿಂತು ಕಾಯುತ್ತದೆ, ಅವಳು ಉಸಿರೆಳೆದು ಶುರುಮಾಡುವ ತನಕ.

ನನ್ನ ಅಂಗೈಯಲ್ಲಿ ಕೆಂಪು ದೀಪ ಇನ್ನೂ ಉರಿಯುತ್ತಿತ್ತು. ಅಕ್ಕ ನನ್ನ ಕೈಯನ್ನು ಗಟ್ಟಿಯಾಗಿ ಹಿಡಿದುಕೊಂಡಳು. ಉಸಿರು ಬಿಗಿಹಿಡಿದಿದ್ದಳು, ಆದರೆ ಎಷ್ಟು ಹೊತ್ತು ಹಾಗೆ ಹಿಡಿದಿರಲು ಸಾಧ್ಯ?